ಬಾವಿ ನೀರಿನ ಹೀಟ್ ಪಂಪ್: ಮುಂಗಡ ಕೊಡುವ ಮುಂಚೆ ನೀರು ವಾಪಸ್ ಹೋಗುವ ದಾರಿ ನೋಡಿ

ಮನೆ ಬೆಚ್ಚಗಿಡಲು ಬಾವಿ ನೀರಿನ ಹೀಟ್ ಪಂಪ್, ಅಂದರೆ ಬಾವಿ ನೀರಿನ ಶಾಖ ಹೀರಿ ಮನೆಗೆ ಕೊಡುವ ಕರೆಂಟಿನ ಯಂತ್ರ, ಹಾಕಿಸುವ ಯೋಚನೆ ಇದ್ದವರು ದಯವಿಟ್ಟು ಇದನ್ನೊಮ್ಮೆ ಓದಿ. ನಮ್ಮ ಮನೆಯ ಯಂತ್ರ ಎರಡನೇ ಚಳಿಗಾಲದ ನಡುವೆಯೇ ಕೆಟ್ಟು ಕೂತಿತು. ಹೀಟ್ ಎಕ್ಸ್‌ಚೇಂಜರ್ (ಲೋಹದ ತಟ್ಟೆಗಳ ಮೂಲಕ ನೀರಿನ ಶಾಖವನ್ನು ಯಂತ್ರದ ಗ್ಯಾಸಿಗೆ ದಾಟಿಸುವ ಭಾಗ) ಒಳಗೆ ನೀರು ಹೆಪ್ಪುಗಟ್ಟಿ, ತಟ್ಟೆ ಬಿರಿದು, ಬಾವಿ ನೀರು ಗ್ಯಾಸ್ ಓಡಾಡುವ ಕೊಳವೆಗೆ ನುಗ್ಗಿ ಕಂಪ್ರೆಸರ್ ಸೇರಿತು. ಅಲ್ಲಿಗೆ ರಿಪೇರಿಯ ಮಾತೇ ಮುಗಿಯಿತು. ಹಾಕಿಕೊಟ್ಟವರು ಯಂತ್ರದ ದೋಷ ಎಂದರು. ಬಿಚ್ಚಿಸಿ ನೋಡಿದಾಗ ತಿಳಿದದ್ದೇ ಬೇರೆ. ಯಂತ್ರ ಸರಿಯಾಗೇ ಇತ್ತು, ನೀರನ್ನು ಮಾತ್ರ ಯಾರೂ ಪರೀಕ್ಷೆ ಮಾಡಿರಲಿಲ್ಲ.

ತಾಪಮಾನದ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಂತರ್ಜಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿರುತ್ತದೆ, ಆ ಜಾಗದ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿ. ಹೊರಗೆ ಮೈನಸ್ ಚಳಿ ಇರುವಾಗಲೂ 10 ಡಿಗ್ರಿ ನೀರು ಸಿಗುವುದಾದರೆ ಹೀಟ್ ಪಂಪಿಗೆ ಅದಕ್ಕಿಂತ ಒಳ್ಳೆಯ ಮೂಲ ಅಪರೂಪ. ಬಂದವರು ಥರ್ಮಾಮೀಟರ್ ಇಳಿಬಿಟ್ಟರು, ಪಂಪ್ ಸ್ವಲ್ಪ ಹೊತ್ತು ಓಡಿಸಿದರು, ಚಿನ್ನದಂಥ ಬಾವಿ ಅಂದರು. ಅಷ್ಟೇ ತಪಾಸಣೆ. ನೀರಿನಲ್ಲಿ ಏನೇನು ಕರಗಿದೆ, ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರನ್ನು 1 ಡಿಗ್ರಿ ತಣಿಸಿದರೆ ಸಿಗುವುದು ಸುಮಾರು 4.2 ಕಿಲೋಜೂಲ್ ಶಾಖ. ಮನೆಗೆ 10 ಕಿಲೋವಾಟ್ ಶಾಖ ಬೇಕು, ಅದರಲ್ಲಿ 2.5 ಕರೆಂಟಿನದು ಅಂದುಕೊಂಡರೆ ಉಳಿದ 7.5 ನೀರಿನಿಂದಲೇ ಬರಬೇಕು. ನೀರನ್ನು 5 ಡಿಗ್ರಿ ತಣಿಸಿ ಬಿಡುವುದಾದರೆ ನಿಮಿಷಕ್ಕೆ 21ರಿಂದ 22 ಲೀಟರ್, ಗಂಟೆಗೆ 1,300 ಲೀಟರ್ ಹತ್ತಿರ. ದಿನಕ್ಕೆ 10 ಗಂಟೆ ಓಡಿದರೆ 13,000 ಲೀಟರ್. ಮನೆಬಳಕೆಗೆ ಧಾರಾಳವಾಗಿ ಸಾಲುವ ಬಾವಿ ಇದಕ್ಕೂ ಸಾಲುತ್ತದೆ ಅನ್ನುವ ಖಾತರಿಯಿಲ್ಲ. ಅಷ್ಟೂ ನೀರನ್ನು ವಾಪಸ್ ಬಾವಿ ಅನ್ನುವ ಇನ್ನೊಂದು ಬಾವಿಯ ಮೂಲಕ ಮತ್ತೆ ನೆಲದೊಳಕ್ಕೆ ಕಳಿಸಬೇಕು ಬೇರೆ. ಬಾವಿಯಿಂದ ನೀರೆತ್ತುವುದಕ್ಕಿಂತ ಬಾವಿಗೆ ನೀರು ಕುಡಿಸುವುದೇ ಕಷ್ಟ.

ನಮ್ಮಲ್ಲಿ ಕೈಕೊಟ್ಟಿದ್ದು ಆ ವಾಪಸ್ ಬಾವಿಯೇ, ಕಾರಣ ಕಬ್ಬಿಣ. ಆಳದ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಕಬ್ಬಿಣ ಕರಗಿದ ರೂಪದಲ್ಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಲೋಟದಲ್ಲಿ ಹಿಡಿದಾಗ ನಮ್ಮ ನೀರು ತಿಳಿಯಾಗಿತ್ತು. ಅದೇ ಲೋಟವನ್ನು ರಾತ್ರಿಯಿಡೀ ತೆರೆದಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಾವಿ ಬಣ್ಣದ ಗಸಿ, ಮೇಲೆ ತೆಳು ಪೊರೆ. ಇಷ್ಟು ಸುಲಭದ ಪರೀಕ್ಷೆಯನ್ನೂ ಅವರು ಮಾಡಿರಲಿಲ್ಲ. ವಾಪಸ್ ಪೈಪನ್ನು ಬಾವಿಯ ಬಾಯಲ್ಲೇ ನಿಲ್ಲಿಸಿ, ನೀರು ಮೇಲಿಂದ ಧುಮುಕುವ ಹಾಗೆ ಬಿಟ್ಟಿದ್ದರು. ಬೀಳುವಾಗ ಗಾಳಿ ಬೆರೆತು ಕಬ್ಬಿಣ ಗಟ್ಟಿಯಾಯಿತು. ಕಬ್ಬಿಣದಿಂದಲೇ ಬದುಕುವ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡು ಬಾವಿಯಿಂದ ನೀರು ಮಣ್ಣಿಗೆ ಇಳಿಯುವ ಜರಡಿ ಪೈಪಿನ ಸಂದುಗಳೆಲ್ಲ ಕೆಂಪು ಲೋಳೆಯಿಂದ ಮುಚ್ಚಿಹೋದವು. ಮೇಲೆತ್ತಿದ ಪೈಪನ್ನು ಕೈಯಿಂದ ಸವರಿದರೆ ಲೋಳೆ ಪದರಪದರವಾಗಿ ಜಾರಿ ಬರುತ್ತಿತ್ತು. ಫಿಲ್ಟರ್ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಜಾಲರಿ ಫಿಲ್ಟರ್ ಮರಳು ಹಿಡಿಯುತ್ತದೆ, ನೀರಿನಲ್ಲಿ ಕರಗಿದ ಕಬ್ಬಿಣ ಅದರ ಮೂಲಕ ಸಲೀಸಾಗಿ ಹೋಗುತ್ತದೆ. ವಾಪಸ್ ಪೈಪಿನ ತುದಿ ಸದಾ ನೀರಿನ ಮಟ್ಟಕ್ಕಿಂತ ಕೆಳಗೆ ಮುಳುಗಿರಬೇಕು, ಇಡೀ ಲೈನಿಗೆ ಎಲ್ಲೂ ಗಾಳಿ ಸೋಕಬಾರದು.

ವಾಪಸ್ ಬಾವಿ ಕಟ್ಟಿಕೊಂಡಂತೆ ಹರಿವು ಕುಗ್ಗಿತು. ನೀರು ಸಾಲದಾದಾಗ ಕಂಪ್ರೆಸರ್ ನಿಲ್ಲಿಸಲೆಂದೇ ಫ್ಲೋ ಸ್ವಿಚ್ ಇರುತ್ತದೆ. ನಮ್ಮದು ತನ್ನ ಕೆಲಸ ಸರಿಯಾಗಿ ಮಾಡುತ್ತಾ ಪದೇ ಪದೇ ಯಂತ್ರ ನಿಲ್ಲಿಸುತ್ತಿತ್ತು. ದೂರು ಕೊಟ್ಟಾಗ ಬಂದ ಮೆಕ್ಯಾನಿಕ್ ಸ್ವಿಚ್ಚೇ ಹಾಳಾಗಿದೆ ಅಂತ ಹೇಳಿ, ಅದರ ಎರಡು ಟರ್ಮಿನಲ್‌ಗೆ ಒಂದು ತುಂಡು ವೈರ್ ಕಟ್ಟಿ ಹೋದ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದೇ ಶಾಖವನ್ನು ಅರ್ಧ ನೀರಿನಿಂದ ಎಳೆದರೆ 5 ಡಿಗ್ರಿ ಇಳಿಯಬೇಕಾದದ್ದು 10 ಡಿಗ್ರಿ ಇಳಿಯುತ್ತದೆ. 10 ಡಿಗ್ರಿಯ ನೀರಿನಲ್ಲಿ 10 ಕಳೆದರೆ ಸೊನ್ನೆ. ತಟ್ಟೆಗಳ ನಡುವಿನ ಸಂದು ಕೆಲವೇ ಮಿಲಿಮೀಟರ್, ಅಲ್ಲಿ ಹೆಪ್ಪುಗಟ್ಟಿದ ನೀರು ಹಿಗ್ಗಿ ಲೋಹವನ್ನೇ ಸೀಳುತ್ತದೆ. ಫ್ಲೋ ಸ್ವಿಚ್ ಬೈಪಾಸ್ ಮಾಡಲು ಯಾರು ಬಂದರೂ ಬಿಡಬೇಡಿ.

ಕರೆಂಟಿನ ಲೆಕ್ಕದಲ್ಲೂ ಒಂದು ವಿಷಯ ಮುಚ್ಚಿಡುತ್ತಾರೆ. ಮೇಲಿನ ಉದಾಹರಣೆಯ ನೀರನ್ನೇ 50 ಮೀಟರ್ ಆಳದಿಂದ ಎತ್ತಲು ಸಣ್ಣ ಸಬ್‌ಮರ್ಸಿಬಲ್ ಪಂಪಿಗೆ ಅರ್ಧ ಕಿಲೋವಾಟ್ ಹತ್ತಿರ ಬೇಕಾಗಬಹುದು. 2.5ಕ್ಕೆ ಅದನ್ನು ಸೇರಿಸಿದರೆ ಒಂದು ಪಾಲು ಕರೆಂಟಿಗೆ ನಾಲ್ಕು ಪಾಲು ಶಾಖ ಅಂದದ್ದು ಮೂರೂಕಾಲರಿಂದ ಮೂರೂವರೆಗೆ ಇಳಿಯುತ್ತದೆ. ಬ್ರೋಷರಿನಲ್ಲಿ ಇರುವುದು ಸಾಮಾನ್ಯವಾಗಿ ಪಂಪ್ ಸೇರಿಸದ ಅಂಕಿ.

ಹಾಗಾಗಿ ಮೊದಲು ಪ್ರಯೋಗಾಲಯದ ವರದಿ ಕೇಳಿ: ಕಬ್ಬಿಣ, ಮ್ಯಾಂಗನೀಸ್, ಗಡಸುತನ, ಪಿಎಚ್, ಕ್ಲೋರೈಡ್, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುವ ನೀರು ತಾಮ್ರವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರದಿಂದ ಮನೆ ತಂಪು ಮಾಡುವವರಿಗೆ ಗಡಸು ನೀರು ಇನ್ನೂ ಅಪಾಯ, ಬಿಸಿಯಾದಾಗ ಸುಣ್ಣ ಕಟ್ಟುತ್ತದೆ. ಬಾವಿಯ ಇಳುವರಿ ಪರೀಕ್ಷೆ ಒಂದೆರಡು ಗಂಟೆಯದಾಗಿರಬಾರದು, ದಿನಗಟ್ಟಲೆ ಓಡಿಸಿ ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ವಾಪಸ್ ಬಾವಿ ಅಂತರ್ಜಲ ಹರಿಯುವ ದಿಕ್ಕಿನಲ್ಲಿ ಕೆಳಗಡೆ, ಸಾಕಷ್ಟು ದೂರದಲ್ಲಿರಬೇಕು. ಹತ್ತಿರವಿದ್ದರೆ ತಣಿಸಿ ಬಿಟ್ಟ ನೀರೇ ಸುತ್ತಿ ಬಂದು ಮತ್ತೆ ಪಂಪಿಗೆ ಸೇರುತ್ತದೆ. ಅನೇಕ ಕಡೆ ನೀರೆತ್ತಲೂ ವಾಪಸ್ ಬಿಡಲೂ ಪರವಾನಗಿ ಬೇಕು, ಅದು ಕೈಗೆ ಬರದೆ ಕೆಲಸ ಶುರು ಮಾಡಿಸಬೇಡಿ.

ಕಬ್ಬಿಣದಂಶ ಹೆಚ್ಚಿದ್ದರೆ ಬಾವಿ ನೀರಿನ ಆಸೆಯನ್ನೇ ಬಿಟ್ಟು, ನೆಲದಲ್ಲಿ ಹೂತ ಪೈಪಿನೊಳಗೆ ಒಮ್ಮೆ ತುಂಬಿಸಿದ ದ್ರವವೇ ಮತ್ತೆ ಮತ್ತೆ ಸುತ್ತುವ ಮುಚ್ಚಿದ ಲೂಪ್ ಹಾಕಿಸಿ. ಶಾಖ ತುಸು ಕಡಿಮೆ ಸಿಕ್ಕರೂ ಪರವಾಗಿಲ್ಲ. ಬಾವಿ ನೀರೇ ಬೇಕು ಅನ್ನುವವರು, ಬಿಚ್ಚಿ ತೊಳೆಯಬಹುದಾದ ಎಕ್ಸ್‌ಚೇಂಜರ್ ಒಂದನ್ನು ಬಾವಿಗೂ ಯಂತ್ರಕ್ಕೂ ನಡುವೆ ಇರಿಸಿ. ವಾಪಸ್ ಬಾವಿ ಕಟ್ಟಿಕೊಂಡರೆ ತೊಳೆಸುವ ಖರ್ಚು ಯಾರದು ಎಂಬ ಸಾಲು ನಮ್ಮ ಒಪ್ಪಂದದಲ್ಲಿ ಇರಲಿಲ್ಲ. ನಿಮ್ಮದರಲ್ಲಿ ಅದನ್ನು ಬರೆಸಿ, ಸಹಿ ಹಾಕಿಸಿಕೊಳ್ಳಿ.