ಚಿಕಿತ್ಸೆಯಲ್ಲಿ ತಪ್ಪಾದಾಗ ಜಿಲ್ಲಾ ಗ್ರಾಹಕ ಆಯೋಗ: ಸೇವೆ ಹೇಗಿದೆ?

ಆಸ್ಪತ್ರೆಯ ನಿರ್ಲಕ್ಷ್ಯದಿಂದ ಹಾನಿಗೊಳಗಾದವರು ದೂರು ಕೊಡಲು ಕರ್ನಾಟಕದಲ್ಲಿ ನಾಲ್ಕೈದು ಕಡೆಗಳಿವೆ. ಹಣದ ಪರಿಹಾರ ಬೇಕು, ಕೋರ್ಟ್ ಖರ್ಚು ಭರಿಸುವ ಶಕ್ತಿ ಇಲ್ಲ ಎನ್ನುವವರಿಗೆ ಅವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಶುಲ್ಕದಲ್ಲಿ ಇದಕ್ಕೆ ಪೂರ್ತಿ ಅಂಕ, ದೂರು ಸಲ್ಲಿಸುವ ಸುಲಭದಲ್ಲಿ ಮುಕ್ಕಾಲು ಅಂಕ, ವೇಗದಲ್ಲಿ ಪಾಸೂ ಇಲ್ಲ.

ಮೊದಲು ಶುಲ್ಕ. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಏನೂ ಕಟ್ಟಬೇಕಿಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣ ಮಾತ್ರ, ಕೇಳುವ ಪರಿಹಾರ ಅಲ್ಲ. 1986ರ ಹಳೆಯ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪರಿಹಾರದ ಮೊತ್ತವೂ ಸೇರುತ್ತಿತ್ತು; 2019ರ ಕಾಯ್ದೆ ಅದನ್ನು ಬದಲಿಸಿತು. ಹಾಗಾಗಿ 3 ಲಕ್ಷದ ಬಿಲ್ ಕಟ್ಟಿದವರು 80 ಲಕ್ಷ ಪರಿಹಾರ ಕೇಳಿದರೂ ಜಿಲ್ಲಾ ಆಯೋಗಕ್ಕೇ ಹೋಗಬೇಕು, ಶುಲ್ಕವೂ ಇಲ್ಲ. ಕೊಟ್ಟ ಹಣ 50 ಲಕ್ಷ ದಾಟಿದರೆ ಬೆಂಗಳೂರಿನ ಬಸವ ಭವನದಲ್ಲಿರುವ ರಾಜ್ಯ ಆಯೋಗ, 2 ಕೋಟಿ ದಾಟಿದರೆ ದೆಹಲಿಯ ರಾಷ್ಟ್ರೀಯ ಆಯೋಗ. ಇನ್ನೊಂದು ದೊಡ್ಡ ಅನುಕೂಲ: ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ನಡೆದಿದ್ದರೂ ರಾಯಚೂರಿನಲ್ಲಿ ವಾಸವಿರುವವರು ರಾಯಚೂರಿನಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಆದರೆ ದೂರು ಬರೆಯಲು ಕೂರುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹೆಚ್ಚಿನವರು ಎಡವುವುದು ಅಲ್ಲೇ. ಕೈಯಲ್ಲಿ ಡಿಸ್ಚಾರ್ಜ್ ಸಮರಿ ಇದ್ದರೆ ಸಾಕೆಂದುಕೊಳ್ಳುತ್ತಾರೆ. ಅದು ಕೊನೆಯಲ್ಲಿ ಆಸ್ಪತ್ರೆಯೇ ಬರೆದ ಸಾರಾಂಶ. ತಪ್ಪು ಯಾವ ಗಂಟೆಯಲ್ಲಾಯಿತು ಎನ್ನುವುದು ಅದರಲ್ಲಿ ಸಿಗುವುದು ಅಪರೂಪ. ಬೇಕಾದದ್ದು ಪೂರ್ತಿ ಕೇಸ್ ಶೀಟ್: ವೈದ್ಯರ ದಿನವಹಿ ಟಿಪ್ಪಣಿ, ನರ್ಸ್‌ಗಳ ಚಾರ್ಟ್, ಔಷಧ ಕೊಟ್ಟ ಚಾರ್ಟ್, ಅರಿವಳಿಕೆ ದಾಖಲೆ, ಆಪರೇಷನ್ ಟಿಪ್ಪಣಿ, ಸಹಿ ಮಾಡಿದ ಒಪ್ಪಿಗೆ ಪತ್ರ, ಲ್ಯಾಬ್ ವರದಿಗಳು, ಸ್ಕ್ಯಾನ್‌ನ ಸಿಡಿ. ಇವುಗಳಲ್ಲಿ ನರ್ಸ್ ಚಾರ್ಟ್ ಬಹಳ ಮುಖ್ಯ. ರಾತ್ರಿ 2 ಗಂಟೆಗೆ ರಕ್ತದೊತ್ತಡ ಕುಸಿದದ್ದು, ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದು, ಅವರು ಬೆಳಿಗ್ಗೆ 6ಕ್ಕೆ ಬಂದದ್ದು, ಇವೆಲ್ಲ ಸಮಯದ ಸಮೇತ ಬರೆದಿರುವುದು ಅಲ್ಲೇ.

2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ದಾಖಲಾದ ತಾರೀಕು, ಬೇಕಾದ ದಾಖಲೆಗಳ ಪಟ್ಟಿ ಬರೆದು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ನಕಲಿನ ಮೇಲೆ ಸೀಲು, ಸಮಯ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಕೊಡದೆ ಸತಾಯಿಸುವುದೇ ವೃತ್ತಿ ದುರ್ನಡತೆ ಎಂದು ಆ ನಿಯಮಗಳು ಹೇಳುತ್ತವೆ. ಆಗ ನಿಮ್ಮ ಸೀಲು ಬಿದ್ದ ನಕಲೇ ಸಾಕ್ಷಿ. ರೋಗಿ ತೀರಿಕೊಂಡಿದ್ದರೆ ಮರಣೋತ್ತರ ಪರೀಕ್ಷೆ ಬೇಡ ಎನ್ನುವ ಮುನ್ನ ಎರಡು ಸಲ ಯೋಚಿಸಿ. ದುಃಖದಲ್ಲಿ ಅದು ಕಠಿಣ ಮಾತು, ಗೊತ್ತು. ಆದರೆ ಅದಿಲ್ಲದೆ ಸಾವಿನ ಕಾರಣ ರುಜುವಾತು ಮಾಡುವುದು ತುಂಬಾ ಕಷ್ಟ.

ಇನ್ನು ಏನನ್ನು ರುಜುವಾತು ಮಾಡಬೇಕು? ಚಿಕಿತ್ಸೆ ಫಲಿಸಲಿಲ್ಲ ಎಂದರೆ ಸಾಲದು. ಅದೇ ವಿಭಾಗದ ಸಾಧಾರಣ ನುರಿತ ವೈದ್ಯರು ವಹಿಸುವ ಎಚ್ಚರ ಇಲ್ಲಿ ತಪ್ಪಿತು, ಹಾನಿಯಾದದ್ದು ಅದರಿಂದಲೇ ಎಂದು ಎರಡನ್ನೂ ತೋರಿಸಬೇಕು. ಈ ಎರಡನೆಯದನ್ನು ದೂರಿನಲ್ಲಿ ಬರೆಯಲು ಮರೆಯುವವರೇ ಹೆಚ್ಚು. ತಜ್ಞರ ಅಭಿಪ್ರಾಯ ಪ್ರತಿ ಪ್ರಕರಣಕ್ಕೂ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಮಲೇರಿಯಾ ಇದ್ದವರಿಗೆ ಟೈಫಾಯ್ಡ್ ಚಿಕಿತ್ಸೆ ಕೊಡಲಾಗಿತ್ತು. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟರೆ, ಎಡಗಾಲಿನ ಬದಲು ಬಲಗಾಲು ಕೊಯ್ದರೆ ತಜ್ಞರು ಬೇಡ. ಹೃದಯ, ಮಿದುಳು, ಹೆರಿಗೆಯ ತೊಡಕುಗಳಲ್ಲಿ ಮಾತ್ರ ಅದೇ ವಿಭಾಗದ ತಜ್ಞರೊಬ್ಬರಿಂದ ಕೇಸ್ ಶೀಟ್ ಓದಿಸಿ ಲಿಖಿತ ಅಭಿಪ್ರಾಯ ಪಡೆಯದೆ ಹೋಗಬೇಡಿ. ಒಪ್ಪಿಗೆ ಪತ್ರವನ್ನೂ ಗಮನವಿಟ್ಟು ಓದಿ. ತಪಾಸಣೆಗೆ ಮಾತ್ರ ಒಪ್ಪಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯ ತೆಗೆದದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಅನಧಿಕೃತ ಎಂದಿತು.

ಕಾಲಮಿತಿ ಎರಡು ವರ್ಷ. ತಪ್ಪು ತಡವಾಗಿ ಬೆಳಕಿಗೆ ಬಂದರೆ ಅಂದಿನಿಂದ ಎಣಿಕೆ, ಆದರೆ ನೋವಿದ್ದೂ ಸುಮ್ಮನಿದ್ದವರಿಗೆ ಈ ರಿಯಾಯಿತಿ ಸಿಗದು. 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ನರ್ಸ್ ಒಬ್ಬರ ಹೊಟ್ಟೆಯಲ್ಲಿ ಬ್ಯಾಂಡೇಜ್ ಬಟ್ಟೆ ಸಿಕ್ಕಿದ್ದು 2002ರಲ್ಲಿ. ಒಂಬತ್ತು ವರ್ಷ ನೋವು ತಿಂದರೂ ಮೊದಲೇ ಬೇರೆ ವೈದ್ಯರಿಗೆ ತೋರಿಸಲಿಲ್ಲ ಎಂಬ ಕಾರಣಕ್ಕೆ ದೂರು ಅವಧಿ ಮೀರಿದೆ ಎಂದು 2010ರಲ್ಲಿ ತೀರ್ಪಾಯಿತು.

ಇನ್ನು ವೇಗ. ತೀರ್ಮಾನಕ್ಕೆ ಕಾಯ್ದೆಯಲ್ಲಿರುವುದು ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು. ಆದರೆ ವೈದ್ಯಕೀಯ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಒಂದೇ ಸಮಾಧಾನ, ಆಸ್ಪತ್ರೆ 30 ದಿನ, ಹೆಚ್ಚೆಂದರೆ 45 ದಿನದಲ್ಲಿ ಲಿಖಿತ ಉತ್ತರ ಕೊಡದಿದ್ದರೆ ಆ ಹಕ್ಕು ಕಳೆದುಕೊಳ್ಳುತ್ತದೆ. ಆದೇಶವಾದ ಮೇಲೆ ಮೇಲ್ಮನವಿಗೆ 45 ದಿನ. ಆಸ್ಪತ್ರೆ ಮೇಲ್ಮನವಿಗೆ ಹೋದರೆ ಆದೇಶವಾದ ಹಣದ ಅರ್ಧ ಠೇವಣಿ ಇಡಬೇಕು.

ಈ ಸೇವೆ ಎಲ್ಲರಿಗಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಸುಪ್ರೀಂ ಕೋರ್ಟಿನ 1995ರ ತೀರ್ಪಿನಂತೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಸಿವಿಲ್ ಕೋರ್ಟೇ ದಾರಿ. ಆದರೆ ವಿಮಾ ಕಂಪನಿ ಅಥವಾ ಕೆಲಸ ಕೊಟ್ಟವರು ಬಿಲ್ ಕಟ್ಟಿದ್ದರೂ ನೀವು ಗ್ರಾಹಕರೇ. ವೈದ್ಯರ ನೋಂದಣಿ ಅಮಾನತಾಗಬೇಕು ಎನ್ನುವವರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು, ಅದು ಹಣ ಕೊಡಿಸದು. ಬಾಕಿ ಬಿಲ್‌ಗಾಗಿ ಶವ ಕೊಡದಿರುವುದು, ಹೆಚ್ಚುವರಿ ವಸೂಲಿ, ಇವಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಾಧಿಕಾರ. ಪೊಲೀಸ್ ದೂರಿನಲ್ಲಿ ಬಹಳ ಗಂಭೀರ ನಿರ್ಲಕ್ಷ್ಯ ತೋರಿಸಬೇಕು, 2005ರ ತೀರ್ಪಿನಂತೆ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯವೂ ಬೇಕು. ಇವುಗಳಲ್ಲಿ ಯಾವುದನ್ನು ಹಿಡಿದರೂ ಗ್ರಾಹಕ ಆಯೋಗದ ಎರಡು ವರ್ಷದ ಅವಧಿ ಓಡುತ್ತಲೇ ಇರುತ್ತದೆ. ಪರಿಷತ್ತಿನ ತೀರ್ಮಾನ ಬರಲಿ ಎಂದು ಕಾಯದೆ ಎರಡನ್ನೂ ಒಟ್ಟಿಗೆ ಸಲ್ಲಿಸಿ.