ಐಸ್‌ಬರ್ಗ್ ಅಂತ ಐದು ತಿಂಗಳು ಕಾಡುಗುಲಾಬಿ ಸಾಕಿದೆ, ನೀವು ಹೀಗೆ ಮಾಡಬೇಡಿ

ಮನೆ ಮುಂದೆ ಬಿಳಿ ಗುಲಾಬಿ ಹಾಕಬೇಕು ಅಂತ ಇರುವವರು ನರ್ಸರಿಗೆ ಹೋಗುವ ಮೊದಲು ಇದನ್ನು ಓದಿ. ನಾನು 6 ಐಸ್‌ಬರ್ಗ್ ಗಿಡ ತಂದೆ. ಈಗ ಇರುವುದು 1. ಉಳಿದ ಐದೂ ಹೋಗಿದ್ದು ನನ್ನ ಕೈಯಲ್ಲೇ, ಅದರಲ್ಲಿ ಮೂರನ್ನಂತೂ ಹಿಂಡಿ ಗೊಬ್ಬರ ಹಾಕಿ, ಕೋಲು ನೆಟ್ಟು, ಮುದ್ದು ಮಾಡಿಯೇ ಹಾಳು ಮಾಡಿದೆ.

ನಮ್ಮದು ಬೆಂಗಳೂರಿನ 30/40 ಸೈಟು. ಗೇಟಿನಿಂದ ಬಾಗಿಲವರೆಗೆ ಕಾಂಪೌಂಡ್ ಪಕ್ಕ ಒಂದೂವರೆ ಅಡಿ ಮಣ್ಣು ಬಿಟ್ಟಿದ್ದೇವೆ, ಅಷ್ಟೇ ನಮ್ಮ ತೋಟ. ಹೋದ ವರ್ಷ ಫೆಬ್ರವರಿಯಲ್ಲಿ ಒಂದು ನರ್ಸರಿಯಲ್ಲಿ ಈ ಗಿಡ ನೋಡಿದೆ. ಒಂದೊಂದು ಗೊಂಚಲಲ್ಲೂ ಏಳೆಂಟು ಹೂವು, ಅಚ್ಚ ಬಿಳಿ, ಮುಳ್ಳೂ ಕಡಿಮೆ. ಅಂಗಡಿಯವನು, "ಅಕ್ಕಾ, ಇದು ಗಟ್ಟಿ ಜಾತಿ, ನೀರು ಹಾಕೋದು ಮರೆತ್ರೂ ಬರುತ್ತೆ, ಕಣ್ಣು ಮುಚ್ಕೊಂಡು ತಗೊಂಡು ಹೋಗಿ" ಅಂದ. ನಾನು ಹಾಗೇ ಮಾಡಿದೆ.

ಅವನ ಮಾತು ಪೂರ್ತಿ ಸುಳ್ಳೇನಲ್ಲ. ಜರ್ಮನಿಯ ಕೊರ್ಡೆಸ್ ಮನೆತನದವರು 1958ರಲ್ಲಿ ಹೊರತಂದ ತಳಿ ಇದು. ಅಲ್ಲಿನ ಹೆಸರಿಗೆ ಸ್ನೋ ವೈಟ್ ಅಂತ ಅರ್ಥ, ಮಕ್ಕಳ ಕಥೆಯಲ್ಲಿ ಬರುತ್ತಾಳಲ್ಲ, ಅವಳೇ. 1983ರಲ್ಲಿ ಜಗತ್ತಿನ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ಹಾಲ್ ಆಫ್ ಫೇಮ್‌ಗೂ ಸೇರಿಸಿತು. ಆದರೆ ಆ ಕಡೆಯವರು ಗಟ್ಟಿ ಗಿಡ ಅಂದರೆ ಚಳಿ, ಹಿಮ ತಡೆಯುತ್ತದೆ ಅಂತ. ನಮ್ಮ ಆಷಾಢದ ಜಿಟಿಜಿಟಿ ಮಳೆ ತಡೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅದನ್ನು ನಾನೇ ಸೇರಿಸಿಕೊಂಡೆ.

ಎರಡು ಗಿಡ ಒಂದೇ ತಿಂಗಳಲ್ಲಿ ಒಣಗಿದವು. ದಿನಾ ನೀರು ಹಾಕಿದರೂ ಯಾಕೆ ಅಂತ ಕಿತ್ತು ನೋಡಿದರೆ, ನರ್ಸರಿಯ ಜೇಡಿಮಣ್ಣಿನ ಉಂಡೆ ಹಾಗೇ ಇಟ್ಟಿಗೆ ಥರ ಕೂತಿತ್ತು, ಸುತ್ತ ಒದ್ದೆ, ಒಳಗೆ ಬೂದಿಯಷ್ಟು ಒಣ. ಕವರ್ ಹರಿದು ಉಂಡೆ ಸಮೇತ ಗುಂಡಿಗೆ ಇಟ್ಟಿದ್ದೆನಲ್ಲ, ಅದರ ಫಲ. ಉಂಡೆಯನ್ನು ಬಕೆಟ್ ನೀರಲ್ಲಿ ನೆನೆಸಿ, ಹೊರಗಿನ ಜೇಡಿಯನ್ನು ನಿಧಾನಕ್ಕೆ ಬಿಡಿಸಿ ನೆಡಬೇಕಿತ್ತು. ಹೋಗಲಿ.

ಜುಲೈಗೆ ಎಲೆ ಮೇಲೆ ಕಪ್ಪು ಚುಕ್ಕೆ ಶುರುವಾಯಿತು. ಮೊದಲು ಮಸಿ ಸಿಡಿದ ಹಾಗೆ, ಆಮೇಲೆ ಚುಕ್ಕೆಯ ಸುತ್ತ ಹಳದಿ, ಆಮೇಲೆ ಮುಟ್ಟಿದರೆ ಎಲೆ ಕೈಗೆ. ನಾನು ಆಫೀಸಿಂದ ಬಂದು ಸಂಜೆ ಏಳಕ್ಕೆ ಪೈಪ್ ಹಿಡಿದು ಗಿಡದ ನೆತ್ತಿ ಮೇಲಿಂದ ನೀರು ಬಿಡುತ್ತಿದ್ದೆ, ಮಳೆ ಬಾರದ ದಿನವೂ ರಾತ್ರಿಯೆಲ್ಲ ಎಲೆ ಒದ್ದೆ. ಈ ರೋಗದ ಬೂಷ್ಟಿಗೆ ಎಲೆ ಏಳು ಗಂಟೆಯಷ್ಟು ಒದ್ದೆಯಾಗಿದ್ದರೆ ಸಾಕು, ಅಂಟಿಕೊಂಡುಬಿಡುತ್ತದೆ. ಗೊಬ್ಬರದ ಅಂಗಡಿಗೆ ಎಲೆ ತಗೊಂಡು ಹೋಗಿ ತೋರಿಸಿದೆ. ಅವರು ನೋಡಿದಂತೆ ಮಾಡಿ ಒಂದು ಬಾಟಲಿ ಕೊಟ್ಟರು. ಮೂರು ವಾರ ಮೂಗು ಕಟ್ಟಿಕೊಂಡು ಸಿಂಪಡಿಸಿದೆ. ಆಮೇಲೆ ಲೇಬಲ್ ಓದಿದರೆ ಅದು ಹುಳು ಸಾಯಿಸುವ ಔಷಧಿ! ಬೂಷ್ಟಿಗೆ ಹುಳುವಿನ ಔಷಧಿ ಏನು ಮಾಡುತ್ತದೆ? ಬೇಕಿದ್ದಿದ್ದು ಮ್ಯಾಂಕೋಜೆಬ್‌ನಂಥ ಬೂಷ್ಟಿನ ಔಷಧಿ, ಲೀಟರ್ ನೀರಿಗೆ 2 ಗ್ರಾಂ. ಜೊತೆಗೆ ಉದುರಿದ ಎಲೆಯನ್ನೆಲ್ಲ ಆರಿಸಿ ಆಚೆ ಹಾಕಬೇಕಿತ್ತು. ನಾನು ಗೊಬ್ಬರವಾಗಲಿ ಅಂತ ಬುಡಕ್ಕೇ ಗುಡಿಸಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಆಗಸ್ಟ್ ಕೊನೆಗೆ ಮೂರು ಗಿಡ ಬೋಳಾಗಿ ನಿಂತಿದ್ದವು. ಅಷ್ಟರಲ್ಲಿ ಮೂರರ ಬುಡದಿಂದಲೂ ಹೆಬ್ಬೆರಳು ದಪ್ಪದ ಹೊಸ ಚಿಗುರು ಬಂತು. ವಾರಕ್ಕೊಂದು ಗೇಣು ಏರುತ್ತಿತ್ತು, ಒಂದು ಚುಕ್ಕೆ ಇಲ್ಲ, ಏನಿಲ್ಲ. ನನಗೆ ಕುಣಿದಾಡುವಷ್ಟು ಖುಷಿ. ನೋಡಿ, ಗಟ್ಟಿ ಜಾತಿ ಅಂದಿದ್ದು ಇದಕ್ಕೇ ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಕಡ್ಲೆಕಾಯಿ ಹಿಂಡಿ ನೆನೆಸಿ ಹಾಕಿದೆ, ಕೋಲು ಕೊಟ್ಟು ಕಟ್ಟಿದೆ, ಹೊಸ ಚಿಗುರಿಗೆ ಸತ್ವ ಸಿಗಲಿ ಅಂತ ಸೊರಗಿದ ಹಳೇ ಕಾಂಡವನ್ನು ಕತ್ತರಿಸಿಯೂ ಬಿಟ್ಟೆ.

ಜನವರಿ ಹೊತ್ತಿಗೆ ಆರಡಿ. ಒಂದೂ ಮೊಗ್ಗಿಲ್ಲ.

ಸಂಕ್ರಾಂತಿಗೆ ಅಮ್ಮ ಊರಿಂದ ಬಂದಳು. ಗೇಟ್ ತೆಗೆದವಳೇ, "ಇದೇನೇ ಇದು, ಗುಲಾಬಿನೋ ಸೀಗೆ ಮೆಳೆನೋ?" ಅಂದಳು. ಸೆರಗು ಸಿಕ್ಕಿಸಿ ಕೂತು ಬುಡದ ಮಣ್ಣು ಕೆದಕಿದಳು. ಕಸಿ ಗಂಟು, ಅಂದರೆ ಬೇರಿನ ಗಿಡಕ್ಕೆ ಹೂವಿನ ಗಿಡ ಕೂಡಿಸಿದ ಜಾಗ, ಕಾಣಿಸಿತು, ಅದಕ್ಕೆ ನರ್ಸರಿಯ ಪ್ಲಾಸ್ಟಿಕ್ ಪಟ್ಟಿಯ ಚೂರು ಇನ್ನೂ ಅಂಟಿಕೊಂಡಿತ್ತು. ಗಂಟಿನ ಮೇಲೆ ನಾನು ಕತ್ತರಿಸಿದ ಮೋಟು, ಅದೇ ಐಸ್‌ಬರ್ಗ್. ನನ್ನ ಆರಡಿ ಚಿಗುರು ಹೊರಟಿದ್ದು ಗಂಟಿನ ಕೆಳಗಿಂದ. "ಮಾವಿನ ಕಸೀಲಿ ನೋಡಿಲ್ವೇನೇ ನೀನು? ಬೇರಿನ ಗಿಡ ಸಾಕಿ, ಹೂವಿನ ಗಿಡ ಕೊಂದಿದೀಯ."

ಆಮೇಲೆ ಎಲೆ ಹಿಡಿದು ನೋಡಿದೆ. ಉಳಿದಿದ್ದ ಐಸ್‌ಬರ್ಗ್‌ನ ಎಲೆ ತಿಳಿ ಹಸಿರು, ಹೊಳಪು, ಒಂದು ತೊಟ್ಟಿಗೆ ಹೆಚ್ಚಾಗಿ ಐದು. ಈ ಚಿಗುರಿನದ್ದು ಮಂಕು ಹಸಿರು, ಚಿಕ್ಕದು, ಏಳು, ಕೆಲವೆಡೆ ಒಂಬತ್ತು. ತೊಟ್ಟು ಕಾಂಡಕ್ಕೆ ಸೇರುವಲ್ಲಿ ಬಾಚಣಿಗೆ ಹಲ್ಲಿನ ಥರ ಸಣ್ಣ ಎಳೆಗಳು. ಕಸಿಗೆ ಬೇರಾಗಿ ಬಳಸುವ ಮಲ್ಟಿಫ್ಲೋರಾ ಅನ್ನುವ ಕಾಡುಗುಲಾಬಿಯ ಗುರುತು ಅದು. ಐದು ತಿಂಗಳು ದಿನಾ ಮುಟ್ಟುತ್ತಿದ್ದೆ, ಒಂದು ಸಲವೂ ಎಣಿಸಲಿಲ್ಲ. ಎಲೆ ಲೆಕ್ಕ ಒಂದನ್ನೇ ನಂಬಬೇಡಿ ಮತ್ತೆ, ಕೆಲವು ಒಳ್ಳೇ ಗುಲಾಬಿಗೂ ಏಳೆಲೆ ಬರುತ್ತದೆ. ಮಣ್ಣು ಕೆದಕಿ, ಚಿಗುರು ಗಂಟಿನ ಮೇಲಿಂದ ಬಂದಿದೆಯೋ ಕೆಳಗಿಂದಲೋ ನೋಡಿ. ಕೆಳಗಿಂದ ಬಂದಿದ್ದರೆ ಮಣ್ಣಿನ ಮಟ್ಟಕ್ಕೆ ಕತ್ತರಿಸಬೇಡಿ, ಕತ್ತರಿಸಿದಷ್ಟೂ ಕವಲು ಜಾಸ್ತಿ. ಹುಟ್ಟಿದ ಜಾಗದವರೆಗೂ ಅಗೆದು, ಕೈಯಲ್ಲಿ ಕೆಳಕ್ಕೆ ಎಳೆದು ಕಿತ್ತುಬಿಡಿ. ನೆಡುವಾಗಲೂ ಗಂಟು ಮಣ್ಣಿನ ಮೇಲೆ ಕಾಣುವ ಹಾಗಿಟ್ಟರೆ ನಮ್ಮ ಊರಲ್ಲಿ ಒಳ್ಳೆಯದು, ಇಂಥ ಕಳ್ಳ ಚಿಗುರು ಬಂದ ದಿನವೇ ಸಿಕ್ಕಿಬೀಳುತ್ತದೆ.

ಉಳಿದ ಒಂದು ಗಿಡ ಇರುವುದು ಮೀಟರ್ ಬೋರ್ಡಿನ ಪಕ್ಕ. ಅಲ್ಲಿಗೆ ನನ್ನ ಪೈಪ್ ಎಟಕುವುದಿಲ್ಲ. ಬೆಳಿಗ್ಗೆ ಕೆಲಸದವರು ಒಂದು ಚೊಂಬು ನೀರು ಬುಡಕ್ಕೆ ಸುರಿದು ಹೋಗುತ್ತಾರೆ, ಅಷ್ಟೇ ಅದರ ಆರೈಕೆ. ಅದಕ್ಕೆ ಚುಕ್ಕೆಯೂ ಕಡಿಮೆ, ಹೂವೂ ತಪ್ಪಿಲ್ಲ. ಡಿಸೆಂಬರ್ ಚಳಿಗೆ ಅದರ ಮೊಗ್ಗಿನಲ್ಲಿ ತೆಳು ಗುಲಾಬಿ ಬಣ್ಣ ಕಂಡು, ಇದೂ ಬೇರೆ ಜಾತಿನೇ ಕೊಟ್ಟಿದ್ದಾನಾ ಅಂತ ಜಗಳಕ್ಕೆ ಹೊರಟಿದ್ದೆ. ತಂಪಿಗೆ ಐಸ್‌ಬರ್ಗ್ ಹಾಗಾಗುತ್ತದಂತೆ, ಅರಳಿದ ಮೇಲೆ ಬಿಳಿಯೇ. ಪುಣ್ಯಕ್ಕೆ ಕೇಳಿಕೊಂಡೇ ಹೊರಟೆ.

ಇನ್ನೊಂದು. ನಿನ್ನೆ ವಾಕಿಂಗ್ ಹೋದಾಗ ನಮ್ಮ ಹಿಂದಿನ ಕ್ರಾಸಿನಲ್ಲಿ ಇಂಥದ್ದೇ ಒಂದು ಚಿಗುರು ನೋಡಿದೆ. ಏಳಡಿ ಇರಬೇಕು, ಯಾರೋ ಕೆಂಪು ರಿಬ್ಬನ್‌ನಲ್ಲಿ ಗೇಟಿನ ಕಂಬಿಗೆ ಚಂದ ಮಾಡಿ ಕಟ್ಟಿದ್ದಾರೆ. ಪಕ್ಕದಲ್ಲಿ ಸೊರಗಿದ ಹಳೇ ಕಾಂಡ ಇನ್ನೂ ಇದೆ, ತುದಿಯಲ್ಲಿ ಒಂದು ಬಿಳಿ ಮೊಗ್ಗು. ಎರಡು ಸಲ ಬೆಲ್ ಮಾಡಿದೆ, ಯಾರೂ ಬರಲಿಲ್ಲ. ನೀಲಿ ಗೇಟಿನವರೇ, ಓದ್ತಾ ಇದ್ದರೆ, ದಯವಿಟ್ಟು ಆ ಹಳೇದನ್ನು ಕತ್ತರಿಸಬೇಡಿ.