ಜಾರುವುದು ನಿಂತಿತು, ಎಡವುವುದು ನಿಂತಿಲ್ಲ: ಎಂಟು ತಿಂಗಳು ಹಾಕಿದ ಶೂ ಬಗ್ಗೆ

ಮನೆ ಮನೆಗೆ ಹೋಗಿ ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೋದ ವರ್ಷ ಒಬ್ಬರ ಬಚ್ಚಲಿನಲ್ಲಿ ಸೋಪು ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಕೈ ಊರಿದ್ದಕ್ಕೆ ಮಣಿಕಟ್ಟು ಮುರಿಯಿತು. ಆಮೇಲೆ ಕೊಂಡದ್ದು ಈ ಜಾರದ ಶೂ.

ಒದ್ದೆ ಟೈಲ್ಸ್ ಮೇಲೆ ನಿಜಕ್ಕೂ ನಿಲ್ಲುತ್ತದೆ. ಅಡಿಯ ರಬ್ಬರ್ ಮೆತ್ತಗಿದೆ, ಗೀರುಗಳ ನಡುವೆ ನೀರು ಹರಿದುಹೋಗಲು ದಾರಿ ಇದೆ. ಸ್ನಾನ ಮಾಡಿಸಿ, ಎಬ್ಬಿಸಿ, ಗಾಲಿಕುರ್ಚಿಗೆ ಕೂರಿಸುವಾಗ ಅವರ ಭಾರವೆಲ್ಲ ನಮ್ಮ ಮೇಲೇ ಇರುತ್ತದೆ ಅಲ್ವಾ, ಆಗ ಕಾಲು ಅಲ್ಲಾಡದಿದ್ದರೆ ಸಾಕು. ಬಾಕ್ಸ್ ಮೇಲೆ ಎಸ್‌ಆರ್‌ಸಿ ಎಂದಿತ್ತು. ಸೋಪು ನೀರಿನ ಸೆರಾಮಿಕ್ ಟೈಲ್, ಗ್ಲಿಸರಿನ್ ಹಚ್ಚಿದ ಸ್ಟೀಲ್, ಎರಡರ ಮೇಲೂ ಪರೀಕ್ಷಿಸಿದ್ದಾರೆ ಎಂದರ್ಥ. 2022ರ ಐಎಸ್‌ಒ ಮಾನದಂಡದಲ್ಲಿ ಆ ಗುರುತು ತೆಗೆದಿದ್ದಾರೆ, ಹೊಸ ಜೋಡಿಯಲ್ಲಿ ಬರೀ ಎಸ್‌ಆರ್ ಅಂತ ನೋಡಿ.

ಅಮೆರಿಕದ ಶಾಲಾ ಅಡುಗೆಮನೆಗಳಲ್ಲಿ ಇಂಥ ಶೂ ಕೊಟ್ಟಾಗ ಜಾರಿ ಬಿದ್ದು ಪರಿಹಾರ ಕೇಳುವುದು ಶೇ. 67ರಷ್ಟು ಇಳಿಯಿತು ಎಂದು 2019ರ ಅಧ್ಯಯನವೊಂದು ಹೇಳುತ್ತದೆ. ಆದರೆ ಅಲ್ಲಿ ದಿನವೂ ಅದೇ ನೆಲ. ನಮಗೆ ಮನೆಗೊಂದು ನೆಲ.

ಅಲ್ಲೇ ತೊಂದರೆ ಶುರು. ಹೋದ ತಿಂಗಳು ಮತ್ತೆ ಬಿದ್ದೆ, ಈ ಸಲ ಎಡವಿ. ನೆಲಹಾಸಿನ ಮಡಚಿದ ಅಂಚಿಗೆ ಶೂ ಮೂತಿ ಕಚ್ಚಿಕೊಂಡಿತು. ಹಳೆ ಶೂ ಆಗಿದ್ದರೆ ಜಾರಿಕೊಂಡು ಮುಂದೆ ಹೋಗುತ್ತಿತ್ತೇನೋ, ಇದರ ಹಿಡಿತವೇ ನನ್ನನ್ನು ಕೆಡವಿತು! ಮಂಡಿ ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ನೆಲದ ಮೇಲೆ ಹಾದುಹೋಗುವ ಆಕ್ಸಿಜನ್ ಪೈಪು, ಚಾರ್ಜರ್ ವೈರು, ಕಾಲಿಗೆ ಸುತ್ತಿಕೊಳ್ಳುವ ಬೆಕ್ಕು, ಇವಕ್ಕೆಲ್ಲ ಯಾವ ಶೂ ಏನು ಮಾಡೀತು? ಈಗ ಮನೆಗೆ ಕಾಲಿಟ್ಟ ತಕ್ಷಣ ದೀಪ ಹಾಕಿ ನೆಲ ನೋಡುತ್ತೇನೆ, ಹಾಸು ಸುತ್ತಿಡಲು ಮನೆಯವರನ್ನು ಕೇಳುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ, ಇರಲಿ.

ಇನ್ನೊಂದು, ಎಷ್ಟೋ ಮನೆಗಳಲ್ಲಿ ಶೂ ಬಾಗಿಲಲ್ಲೇ ಬಿಡಿ ಅನ್ನುತ್ತಾರೆ. ಬರೀ ಸಾಕ್ಸ್‌ನಲ್ಲಿ ಬಚ್ಚಲಿಗೆ ಇಳಿದರೆ ಈ ಶೂ ಕೊಂಡದ್ದು ದಂಡ. ಒಳಗೆ ಹಾಕಲು ಇದೇ ಥರದ್ದು ಇನ್ನೊಂದು ಜೋಡಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಗೀರುಗಳಲ್ಲಿ ಕೂದಲು, ಧೂಳು ಜಾಸ್ತಿ ಸೇರುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಹಿಮ್ಮಡಿ ಆಗಲೇ ಸವೆದು ನುಣ್ಣಗಾಗಿದೆ. ಮುಂದಿನ ಸಲವೂ ಇಂಥದ್ದೇ ಕೊಳ್ಳುತ್ತೇನೆ, ಆದರೆ ಮೂತಿ ಸ್ವಲ್ಪ ಮೇಲೆ ಬಾಗಿರಬೇಕು.